ಮರಡಿಹಳ್ಳಿಯ ಬಂಡೆ ಹೇಳುವ ಗಾಳಿಯ ಕಥೆ

ಚಿತ್ರದುರ್ಗ ಜಿಲ್ಲೆಯ ಐಮಂಗಲದ ಕಡೆಯ ರೈತರೊಬ್ಬರು ಬರೆದಿದ್ದಾರೆ: "ಭೂಮಿಯ ಗಾಳಿ ಹಿಂದೆಯೂ ಬದಲಾಗಿದೆ ಎಂದು ಕಳೆದ ಸಂಚಿಕೆಯಲ್ಲಿ ನೀವೇ ಬರೆದಿರಿ. ಹಾಗಿದ್ದ ಮೇಲೆ ಈಗ ಬದಲಾದರೆ ಗಾಬರಿ ಯಾಕೆ? ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ನಾಲ್ಕೇ ಪಾಲು ಇರುವ ಇಂಗಾಲದ ಡೈಆಕ್ಸೈಡ್ ಇಡೀ ಭೂಮಿಯನ್ನು ಕಾಯಿಸುವುದುಂಟೆ? ಒಂಬತ್ತನೇ ತರಗತಿಯ ಮೊಮ್ಮಗಳು ಕೇಳುತ್ತಾಳೆ, ಏನು ಹೇಳಲಿ?"

ಮಾನ್ಯರೇ,

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರ ಉತ್ತರ ನಿಮಗೆ ಆಗಲೇ ಗೊತ್ತಿದೆ. ಮಾಗಿಯಲ್ಲಿ ಹೊಲ ಕಾಯಲು ಮಲಗಿದವರನ್ನು ಕೇಳಿ: ಚುಕ್ಕಿ ತುಂಬಿದ ರಾತ್ರಿ ಕಂಬಳಿ ಹೊದ್ದರೂ ನಡುಕ, ಮೋಡ ಮುಚ್ಚಿದ ರಾತ್ರಿ ಅಷ್ಟು ಚಳಿಯಿಲ್ಲ. ಹಗಲು ಕಾದ ನೆಲ ರಾತ್ರಿಯಿಡೀ ಆ ಕಾವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಬಿಟ್ಟುಕೊಡುತ್ತದೆ. ಮೋಡ, ನೀರಾವಿ ಅದನ್ನು ಹೀರಿ ಒಂದಿಷ್ಟನ್ನು ಮತ್ತೆ ಕೆಳಕ್ಕೆ ಕಳಿಸುತ್ತವೆ. ಇಂಗಾಲದ ಡೈಆಕ್ಸೈಡ್, ಮೀಥೇನ್ ಮಾಡುವುದೂ ಇದನ್ನೇ, ಮೋಡ ಇರಲಿ ಬಿಡಲಿ. ಗಾಳಿಯಲ್ಲಿ ಶೇ 78ರಷ್ಟಿರುವ ಸಾರಜನಕ, ಶೇ 21ರಷ್ಟಿರುವ ಆಮ್ಲಜನಕ ಆ ಕಿರಣಗಳನ್ನು ಸುಮ್ಮನೆ ಹೋಗಗೊಡುತ್ತವೆ. ವಿಜ್ಞಾನಿ ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗ ಮಾಡಿ ಈ ವ್ಯತ್ಯಾಸ ತೋರಿಸಿದ್ದರು. ಹಾಗಾಗಿ ಕಾವು ಹಿಡಿದಿಡುವ ಕೆಲಸವೆಲ್ಲ ಉಳಿದ ಅಲ್ಪಸ್ವಲ್ಪ ಅನಿಲಗಳ ಪಾಲಿಗೆ. ಅವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಮೈನಸ್ 18 ಡಿಗ್ರಿಯ ಹತ್ತಿರ ಇರುತ್ತಿತ್ತು. ಇರುವುದರಿಂದ ಸುಮಾರು 15. ಹೀಗೆ ಕಾವು ಹಿಡಿದಿಡುವ ಹಸಿರುಮನೆ ಪರಿಣಾಮ ಅಂದರೆ ಕೇಡು ಎಂದೇ ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಮ್ಮನ್ನು ಬದುಕಿಸಿರುವುದೂ ಅದೇ ಎಂದು ಮೊಮ್ಮಗಳಿಗೆ ಮೊದಲು ಹೇಳಿ.

ಇನ್ನು ಹಿಂದಿನ ಬದಲಾವಣೆ. ನಿಮ್ಮ ಪಕ್ಕದ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂಥ ಬಂಡೆಗಳಿವೆಯಲ್ಲ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದು, ಅವು ಸುಮಾರು 250 ಕೋಟಿ ವರ್ಷ ಹಳೆಯವು. ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ಆರಿದಾಗ ಮಾತ್ರ ಆ ಆಕಾರ ಬರುತ್ತದೆ. ಅಂದರೆ ಅಲ್ಲಿ ಆಗ ನೀರಿತ್ತು. ಆದರೆ ಆ ಕಾಲದ ಸೂರ್ಯ ಈಗಿಗಿಂತ ಸುಮಾರು ಶೇ 20ರಷ್ಟು ಮಂಕು! ಈಗಿನ ಗಾಳಿಯೇ ಆಗಲೂ ಇದ್ದಿದ್ದರೆ ಆ ನೀರು ಹೆಪ್ಪುಗಟ್ಟಬೇಕಿತ್ತು. ಹಸಿರುಮನೆ ಅನಿಲಗಳು ಆಗ ಬಹಳ ಹೆಚ್ಚಿದ್ದವು ಎಂದು ವಿಜ್ಞಾನಿಗಳು ಹೇಳುವುದು ಇದಕ್ಕೇ. ಗಾಳಿಯಲ್ಲಿ ಆಮ್ಲಜನಕ ಮಾತ್ರ ಇರಲಿಲ್ಲವೆಂದೇ ಹೇಳಬೇಕು. ಚಿತ್ರದುರ್ಗದ ಸೀಮೆಯಲ್ಲಿ ಸಿಗುವ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಅದಕ್ಕೆ ಸಾಕ್ಷಿ. ಆಮ್ಲಜನಕವಿಲ್ಲದ ಕಡಲಲ್ಲಷ್ಟೇ ಅಷ್ಟೊಂದು ಕಬ್ಬಿಣ ಕರಗಿರಲು ಸಾಧ್ಯ. ಸೂಕ್ಷ್ಮಜೀವಿಗಳು ಬಿಸಿಲು ಉಂಡು ಬಿಟ್ಟ ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ.

ಹೌದು, ಬದಲಾಗಿದೆ. ನಾನು ಕೇಳುವುದು, ಎಷ್ಟು ಕಾಲದಲ್ಲಿ? ಕಳೆದ ಹಿಮಯುಗ ಮುಗಿಯುವಾಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 80 ಪಾಲು ಏರಿತು. ಅದಕ್ಕೆ ಹಿಡಿದದ್ದು ಸಾವಿರಾರು ವರ್ಷ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆದಾಗ ಸುಮಾರು 315 ಇತ್ತು, 2024ರಲ್ಲಿ 420ಕ್ಕೂ ಹೆಚ್ಚಿತ್ತು. ನಿಮ್ಮ ನನ್ನ ಆಯುಸ್ಸಿನೊಳಗೇ ನೂರಕ್ಕಿಂತ ಹೆಚ್ಚು! ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳಲ್ಲಿ, 8 ಲಕ್ಷ ವರ್ಷ ಹಿಂದಕ್ಕೆ ಹೋದರೂ, ಅದು 300ರ ಆಸುಪಾಸು ದಾಟಿಲ್ಲ. ನಾವು ಬೆಳೆಯುವ ರಾಗಿ, ಜೋಳ, ಶೇಂಗಾ ಎಲ್ಲವೂ ಹೊಲದ ಬೆಳೆಯಾದದ್ದು ಆ ಹಳೆಯ ಗಾಳಿಯಲ್ಲಿ. ನನ್ನ ಗಾಬರಿ ಅದಕ್ಕೆ.

ಜ್ವಾಲಾಮುಖಿಯ ಮೇಲೆ ಹೊರಿಸುವ ಹಾಗೂ ಇಲ್ಲ. ನಾವು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಬಿಡುವುದರ ಮುಂದೆ ಅವು ಬಿಡುವುದು ನೂರಕ್ಕೆ ಒಂದು ಪಾಲೂ ಅಲ್ಲ. ದಾವಣಗೆರೆಯಲ್ಲಿ ಕೂತು ಬರೆಯುವ ನಾನು ಇನ್ನೊಂದನ್ನೂ ಹೇಳಬೇಕು: ಭದ್ರಾ ನಾಲೆಯ ನೀರು ತುಂಬಿಸಿ ನಿಲ್ಲಿಸಿದ ನಮ್ಮ ಭತ್ತದ ಗದ್ದೆಗಳಿಂದಲೂ ಮೀಥೇನ್ ಏಳುತ್ತದೆ. ನಡುನಡುವೆ ನೀರು ಬಸಿದು ಗದ್ದೆ ಆರಲು ಬಿಟ್ಟರೆ ಅದು ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ.

ರಜೆಯಲ್ಲಿ ಮೊಮ್ಮಗಳನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗಿ. ಆ ಕಲ್ಲುದಿಂಬಿನ ಮೇಲೆ ಕೈಯಿಟ್ಟು, ಇಲ್ಲಿ ಆಗ ನೀರು ಯಾಕೆ ಹೆಪ್ಪುಗಟ್ಟಲಿಲ್ಲ ಹೇಳು ಎಂದು ಅವಳನ್ನೇ ಕೇಳಿ. ಅವಳು ಹೇಳಿದ್ದನ್ನು ನನಗೆ ಬರೆದು ಕಳಿಸಿ.

– ಸಂಪಾದಕ