27ರ ಹರೆಯದ ನನ್ನ ತಮ್ಮ, ಮಗುವಿನ ದನಿಯಲ್ಲಿ ಮಾತನಾಡುತ್ತಾನೆ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ನೆಲೆಸಿರುವ ಉಡುಪಿ ಮೂಲದವರು. ನನ್ನ ತಮ್ಮನಿಗೆ 27 ವರ್ಷ. ಅಂಧೇರಿಯ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಅವನಿಗೆ ಆಟಿಸಂ (ಇತರರೊಡನೆ ಬೆರೆಯುವ, ಮಾತನಾಡುವ ರೀತಿ ಹುಟ್ಟಿನಿಂದಲೇ ಭಿನ್ನವಾಗಿರುವ ಸ್ಥಿತಿ) ಇದೆಯೆಂದು ತಿಳಿದದ್ದು ಈಚೆಗೆ. ಸಹೋದ್ಯೋಗಿಗಳು ಅವನ ಮಾತಿನ ಧಾಟಿಯನ್ನು ಅಣಕಿಸುತ್ತಾರೆ, ಊಟಕ್ಕೆ ಕರೆಯುವುದಿಲ್ಲ, ಅವನೊಬ್ಬನನ್ನು ಬಿಟ್ಟು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದಾರೆ. ಕೆಲವು ತಿಂಗಳಿಂದ ಅವನು ಮನೆಯಲ್ಲಿ ಸಣ್ಣ ಮಗುವಿನಂತೆ ಮಾತನಾಡುತ್ತಾನೆ, ಬಾಲ್ಯದ ಹೊದಿಕೆ ಹಿಡಿದೇ ಮಲಗುತ್ತಾನೆ, ಅನ್ನ ಕಲಸಿ ಕೊಡೆಂದು ಅಮ್ಮನನ್ನು ಕೇಳುತ್ತಾನೆ. ದೊಡ್ಡಪ್ಪ ಇದನ್ನು ನಾಟಕ ಎನ್ನುತ್ತಾರೆ. ಅಮ್ಮ ಊರಿಗೆ ಹೋಗಿ ದರ್ಶನದಲ್ಲಿ, ಅಂದರೆ ಮೈಮೇಲೆ ದೈವ ಬಂದ ಪಾತ್ರಿಯ ಬಳಿ, ಕೇಳೋಣ ಎನ್ನುತ್ತಾರೆ. ಗದರಿಸಬೇಕೇ, ಕೆಲಸ ಬಿಡಿಸಬೇಕೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಖಂಡಿತ ಗದರಿಸಬೇಡಿ. ದಿನವಿಡೀ ಇತರರಂತೆ ಕಾಣಿಸಿಕೊಳ್ಳಲು ತನ್ನ ದನಿ, ನೋಟ, ಕೈಗಳ ಚಲನೆ ಎಲ್ಲವನ್ನೂ ಹತೋಟಿಯಲ್ಲಿಟ್ಟುಕೊಂಡು, ಅಷ್ಟಾದರೂ ಗುಂಪಿನಿಂದ ಹೊರಗೇ ಉಳಿಯುವ ವ್ಯಕ್ತಿಯು, ತಾನು ನಿಶ್ಚಿಂತನಾಗಿದ್ದ ವಯಸ್ಸಿನ ಅಭ್ಯಾಸಗಳಿಗೆ ಮನೆಯಲ್ಲಿ ಮರಳುವುದು ನಾಟಕವಲ್ಲ. ಬುದ್ಧಿ ಕುಂದಿದೆ ಎಂಬುದಕ್ಕೆ ಅದು ಸಾಕ್ಷಿಯೂ ಅಲ್ಲ. ಹೊದಿಕೆ ಅವನ ಬಳಿಯೇ ಇರಲಿ. ಆದರೆ ನೀವೂ ಅವನೊಡನೆ ಮಗುವಿನೊಂದಿಗೆ ಮಾತನಾಡುವ ಧಾಟಿಗೆ ಇಳಿಯಬೇಡಿ. ಮನೆಯ ನಿರ್ಧಾರಗಳಲ್ಲಿ ಅವನ ಮಾತು 27 ವರ್ಷದವನ ಮಾತಾಗಿಯೇ ನಡೆಯಲಿ.

ನನಗೆ ಹೆಚ್ಚು ಮುಖ್ಯವೆನಿಸುವುದು ಅವನು ಕಳೆದುಕೊಂಡದ್ದು ಏನು ಎಂಬ ಪ್ರಶ್ನೆ. ಮೊದಲು ತಾನಾಗಿ ಮಾಡುತ್ತಿದ್ದ ಸ್ನಾನ, ಅಡುಗೆ, ಲೋಕಲ್ ರೈಲಿನ ಪ್ರಯಾಣ ಈಗ ಆಗುತ್ತಿಲ್ಲವೇ? ಸದ್ದು, ಬೆಳಕು ಮುಂಚಿಗಿಂತ ಹಿಂಸೆಯಾಗುತ್ತಿವೆಯೇ? ತಿಂಗಳುಗಟ್ಟಲೆ ಉಳಿಯುವ ಬಳಲಿಕೆ, ರೂಢಿಯಾಗಿದ್ದ ಕೌಶಲಗಳ ನಷ್ಟ, ಸದ್ದು-ಬೆಳಕಿನ ಅಸಹನೆ ಇವು ಸೇರಿದ ಸ್ಥಿತಿಯನ್ನು ಅಮೆರಿಕದ ಸಂಶೋಧಕರು 2020ರಲ್ಲಿ, ಆಟಿಸಂ ಇರುವ ವಯಸ್ಕರನ್ನೇ ಕೇಳಿ, ಆಟಿಸ್ಟಿಕ್ ಬರ್ನ್‌ಔಟ್ ಎಂದು ವಿವರಿಸಿದರು. ಖಿನ್ನತೆಯೂ ಹೀಗೆಯೇ ತೋರಬಹುದು. ಮಾತು ಕಡಿಮೆಯಾಗಿ, ಹೆಜ್ಜೆಯಿಡುತ್ತಲೋ ತುತ್ತೆತ್ತುತ್ತಲೋ ಅರ್ಧಕ್ಕೇ ನಿಂತುಬಿಡುತ್ತಿದ್ದರೆ ಅದು ಕ್ಯಾಟಟೋನಿಯಾ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ, ತಡಮಾಡಬಾರದು. ಹೀಗಾಗಿ ವಯಸ್ಕರ ಆಟಿಸಂ ಬಲ್ಲ ಮನೋವೈದ್ಯರಿಗೆ ಒಮ್ಮೆ ತೋರಿಸಿ; ಮುಂಬಯಿಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ದರ್ಶನದಲ್ಲಿ ಕೇಳಿದರೆ ಅಮ್ಮನಿಗೆ ಸಮಾಧಾನವಾಗುವುದಾದರೆ ಕೇಳಲಿ, ವೈದ್ಯರ ಭೇಟಿ ಮಾತ್ರ ಅದಕ್ಕಾಗಿ ಮುಂದೆ ಹೋಗದಿರಲಿ.

ಇನ್ನು ಕಚೇರಿ. ನಾಲ್ಕು ಜನರೊಂದಿಗೆ ಬೆರೆಯಲು ಅವನಿಗೆ ಕಲಿಸಿ ಎಂಬ ಸಲಹೆ ನಿಮಗೆ ಧಾರಾಳವಾಗಿ ಸಿಗುತ್ತದೆ. ಆದರೆ ಅರ್ಥವಾಗದಿರುವುದು ಎರಡೂ ಕಡೆಯದು, ಆಟಿಸಂ ಇಲ್ಲದವರೂ ಆಟಿಸಂ ಇರುವವರನ್ನು ಅಷ್ಟೇ ತಪ್ಪಾಗಿ ಓದುತ್ತಾರೆ ಎಂದು, ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲೇ ವಾದಿಸಿದ್ದಾರೆ. ಅಣಕಿಸುವವರನ್ನು ಬಿಟ್ಟು ಅಣಕಕ್ಕೆ ಗುರಿಯಾದವನನ್ನೇ ತಿದ್ದಹೊರಡುವುದು ನನಗಂತೂ ಒಪ್ಪಿಗೆಯಿಲ್ಲ. ‘ನಿನಗೆ ತೊಂದರೆ ಕೊಡುತ್ತಾರಾ’ ಎಂದು ಕೇಳಿದರೆ ಅವನು ಇಲ್ಲವೆನ್ನಬಹುದು. ಇಂದು ಯಾರು ಏನೆಂದರು, ಊಟಕ್ಕೆ ಎಲ್ಲಿ ಕುಳಿತೆ ಎಂದು ಬಿಡಿಬಿಡಿಯಾಗಿ ಕೇಳಿ, ದಿನಾಂಕದೊಂದಿಗೆ ಬರೆದಿಡಿ. ಊಟಕ್ಕೆ ಕರೆಯದಿದ್ದುದನ್ನು ಅಪರಾಧವೆಂದು ಸಾಧಿಸಲಾಗದು, ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಆಟಿಸಂ ಅನ್ನು ಒಳಗೊಂಡಿದೆ; ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಅದರ 21ನೆಯ ಸೆಕ್ಷನ್ ಹೇಳುತ್ತದೆ; ಸಾರ್ವಜನಿಕವಾಗಿ ಕಾಣುವಂಥ ಜಾಗದಲ್ಲಿ, ಕೀಳುಗಳೆಯುವ ಉದ್ದೇಶದಿಂದ ಬೇಕೆಂದೇ ಅವಮಾನಿಸಿದರೆ 92ನೆಯ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಐದು ವರ್ಷಗಳವರೆಗೆ ಜೈಲುಶಿಕ್ಷೆಯಿದೆ. ಪೊಲೀಸರವರೆಗೆ ಹೋಗುವ ಮೊದಲು, ತಮ್ಮನ ಒಪ್ಪಿಗೆ ಪಡೆದು, ಎಚ್.ಆರ್. ವಿಭಾಗಕ್ಕೆ ಲಿಖಿತ ದೂರು ಕೊಡಿ. ಅವನಿಗೆ ಒಪ್ಪಿಗೆಯಿದ್ದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ.

ಕೆಲಸವನ್ನು ಈಗಲೇ ಬಿಡಿಸಬೇಡಿ. ವೈದ್ಯರ ಪತ್ರದ ಆಧಾರದಲ್ಲಿ ರಜೆ ಕೇಳಿ, ಅವನು ಸುಧಾರಿಸಿಕೊಂಡ ಮೇಲೆ ಅಲ್ಲಿಗೇ ಮರಳುವುದೋ ಬೇರೆ ನೋಡುವುದೋ ಅವನೇ ಹೇಳಲಿ. ಈ ನಡುವೆ ಸಾಯುವ ಮಾತೇನಾದರೂ ಬಂದರೆ ಅದನ್ನು ಹಗುರಾಗಿ ತೆಗೆದುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ.