ಓದುಗರ ಪ್ರಶ್ನೆ: ನಕ್ಷತ್ರಗಳ ಚಿತ್ರಕ್ಕೆ ಹೊಸ ಕ್ಯಾಮೆರಾ ಬೇಕೇ?

ಪ್ರಶ್ನೆ: ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್ ಇದೆ. ಯುಗಾದಿ ಅಮಾವಾಸ್ಯೆಯ ರಾತ್ರಿ ಹತ್ತು ಗಂಟೆಗೆ ನಮ್ಮ ಹೊಲಕ್ಕೆ ಹೋಗಿ, 30 ಸೆಕೆಂಡಿನ ಶಟರ್ ಇಟ್ಟು ಆಕಾಶಗಂಗೆಯ ಚಿತ್ರ ತೆಗೆಯಲು ಯತ್ನಿಸಿದೆ. ಆಕಾಶಗಂಗೆ ಕಾಣಲೇ ಇಲ್ಲ. ನಕ್ಷತ್ರಗಳು ಗೀರುಗಳಂತೆ ಬಂದವು, ಚಿತ್ರದ ತುಂಬ ಕಾಳುಕಾಳು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಇಲ್ಲದೆ ಇದು ಆಗದು ಎಂದು ಗೆಳೆಯರು ಹೇಳುತ್ತಾರೆ. ನಾನು ಕೂಡಿಟ್ಟಿರುವುದು 25,000 ರೂಪಾಯಿ. ಏನು ಮಾಡಲಿ?
— ಕಾಲೇಜು ವಿದ್ಯಾರ್ಥಿ, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಕ್ಯಾಮೆರಾ ಬದಲಿಸಬೇಡಿ. ಆ ಹಣದಲ್ಲಿ ಮೊದಲು ಒಂದು ಗಟ್ಟಿಮುಟ್ಟಾದ ಟ್ರೈಪಾಡ್ ಕೊಳ್ಳಿ, ಉಳಿದದ್ದನ್ನು ಹೆಚ್ಚು ಬೆಳಕು ಒಳಬಿಡುವ ಒಂದು ಲೆನ್ಸಿಗೆ ಇಡಿ. ನೀವು ಹೇಳಿರುವ ಮೂರು ತೊಂದರೆಗಳಿಗೂ ಬೇರೆ ಬೇರೆ ಕಾರಣಗಳಿದ್ದು, ಕ್ಯಾಮೆರಾದ ವಯಸ್ಸು ಅವುಗಳಲ್ಲಿ ಒಂದಲ್ಲ.

ಆಕಾಶಗಂಗೆ ಕಾಣದಿದ್ದುದಕ್ಕೆ ಕಾರಣ ಗಡಿಯಾರ. ಅದರ ದಟ್ಟವಾದ ನಡುಭಾಗವು ಧನು ಮತ್ತು ವೃಶ್ಚಿಕ ರಾಶಿಗಳ ದಿಕ್ಕಿನಲ್ಲಿದೆ. ಮಾರ್ಚ್ ಕೊನೆಯಲ್ಲಿ ನಮ್ಮ ಕಡೆ ಆ ಭಾಗ ಹುಟ್ಟುವುದೇ ನಡುರಾತ್ರಿ ಕಳೆದ ಮೇಲೆ. ನೀವು ಹತ್ತು ಗಂಟೆಗೆ ಕ್ಯಾಮೆರಾ ಹೂಡಿದಾಗ ಅದು ಇನ್ನೂ ನೆಲದ ಕೆಳಗಿತ್ತು. ಆ ದಿನಗಳಲ್ಲಿ ಬೆಳಗಿನ ಜಾವ ಮೂರರಿಂದ ಐದರವರೆಗೆ ಆಗ್ನೇಯದಿಂದ ದಕ್ಷಿಣದ ಕಡೆಗೆ ನೋಡಿ. ಮೇ ತಿಂಗಳ ಕೊನೆಗೆ ಹನ್ನೊಂದು ಗಂಟೆಗೇ ಸಾಕಷ್ಟು ಮೇಲೆ ಬಂದಿರುತ್ತದೆ. ಮಳೆಗಾಲ ಮುಗಿದು ಗಾಳಿ ತೊಳೆದಂತಿರುವ ಅಕ್ಟೋಬರಿನಲ್ಲಾದರೆ, ಕತ್ತಲಾದ ಕೂಡಲೇ ನೈಋತ್ಯದಲ್ಲಿ ಸಿಗುತ್ತದೆ. ಬೀದರಿನಲ್ಲಿ ಈ ನಡುಭಾಗ ದಕ್ಷಿಣದಲ್ಲಿ ಸುಮಾರು 43 ಡಿಗ್ರಿ ಎತ್ತರಕ್ಕೆ ಏರುತ್ತದೆ. ಯುರೋಪಿನ ಬಹುಪಾಲು ಛಾಯಾಗ್ರಾಹಕರಿಗೆ ಅದು ದಿಗಂತಕ್ಕೆ ಅಂಟಿಕೊಂಡೇ ಸಾಗುವುದರಿಂದ, ಈ ವಿಷಯದಲ್ಲಿ ನಾವು ನಿಜಕ್ಕೂ ಭಾಗ್ಯವಂತರು. ಅಮಾವಾಸ್ಯೆಯ ಒಂದೇ ರಾತ್ರಿಗಾಗಿ ಕಾಯಬೇಕೆಂದೂ ಇಲ್ಲ. ಶುದ್ಧ ಅಷ್ಟಮಿಯವರೆಗೆ ಚಂದ್ರ ನಡುರಾತ್ರಿಯ ಆಸುಪಾಸಿನಲ್ಲಿ ಮುಳುಗುವುದರಿಂದ, ಬೆಳಗಿನ ಜಾವದಲ್ಲಿ ಚಿತ್ರ ತೆಗೆಯುವವರಿಗೆ ಆ ರಾತ್ರಿಗಳೆಲ್ಲವೂ ಸಲ್ಲುತ್ತವೆ. ನಿಲ್ಲುವ ಜಾಗವು ಊರಿನ ದಕ್ಷಿಣಕ್ಕಿರಲಿ. ಉತ್ತರಕ್ಕೆ ನಿಂತರೆ ಊರಿನ ದೀಪಗಳ ಬೆಳಕು ಆಕಾಶಗಂಗೆಯ ಬುಡಕ್ಕೇ ಬರುತ್ತದೆ. ಸೇಡಂ, ವಾಡಿ ಕಡೆಯ ಓದುಗರು ಸಿಮೆಂಟ್ ಕಾರ್ಖಾನೆಗಳ ಬೆಳಕನ್ನೂ ಹೀಗೆಯೇ ಬೆನ್ನಿಗೆ ಹಾಕಿಕೊಳ್ಳಬೇಕು.

ಗೀರುಗಳಿಗೆ ಮುಖ್ಯ ಕಾರಣ ಭೂಮಿಯ ತಿರುಗುವಿಕೆ. 500 ಎಂಬ ಸಂಖ್ಯೆಯನ್ನು ಲೆನ್ಸಿನ ನಾಭಿದೂರ ಮತ್ತು ಸೆನ್ಸರಿನ ಕ್ರಾಪ್ ಅಂಶದ (ಫುಲ್ ಫ್ರೇಮಿಗಿಂತ ಸೆನ್ಸರ್ ಎಷ್ಟು ಪಟ್ಟು ಚಿಕ್ಕದೆಂಬ ಸಂಖ್ಯೆಯ) ಗುಣಲಬ್ಧದಿಂದ ಭಾಗಿಸಬೇಕೆಂಬ ಹಳೆಯ ಸೂತ್ರವೊಂದಿದ್ದು, ಅದರಂತೆ 18 ಮಿ.ಮೀ. ಲೆನ್ಸಿಗೆ, 1.5 ಕ್ರಾಪ್ ಇದ್ದರೆ, ಸುಮಾರು 18 ಸೆಕೆಂಡು ಸಿಗುತ್ತದೆ. ಆದರೆ ಅದು ಫಿಲ್ಮ್ ಕಾಲದ ಲೆಕ್ಕ. ನಿಮ್ಮ ಸೆನ್ಸರಿನಲ್ಲಿ 30 ಸೆಕೆಂಡಿಗೆ ನಕ್ಷತ್ರವೊಂದು ಹತ್ತು ಪಿಕ್ಸೆಲ್‌ನಷ್ಟು ಸರಿದುಬಿಡುತ್ತದೆ, ಹತ್ತು ಸೆಕೆಂಡಿಗಾದರೆ ಮೂರ್ನಾಲ್ಕು ಮಾತ್ರ. ಆದ್ದರಿಂದ 500ರ ಬದಲು 300 ಇಟ್ಟುಕೊಂಡು, ಹತ್ತು ಹನ್ನೊಂದು ಸೆಕೆಂಡಿಗೆ ನಿಲ್ಲಿಸಿ.

ಎರಡನೆಯ ಕಾರಣ ನಮ್ಮ ಎರೆಮಣ್ಣು ಇರಬಹುದು. ಆಳಂದ ರಸ್ತೆಯ ಬದಿಯ ಹೊಲವೊಂದರಲ್ಲಿ ನಾನು ತೆಗೆದ ಮೊದಲ ರಾತ್ರಿಯ ಚಿತ್ರಗಳೆಲ್ಲ ಹಾಳಾದವು. ಬೆಳಕು ಹರಿದ ಮೇಲೆ ನೋಡಿದರೆ ಟ್ರೈಪಾಡಿನ ಒಂದು ಕಾಲು ಮೂರು ಬೆರಳಿನಷ್ಟು ಆಳಕ್ಕೆ ಇಳಿದಿತ್ತು. ಅಂದಿನಿಂದ ಅಂಗೈಯಗಲದ ಶಹಾಬಾದಿ ಪರಸಿ ತುಂಡುಗಳು ಮೂರನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಒಂದೊಂದು ಕಾಲಿನ ಕೆಳಗೆ ಒಂದೊಂದು ಇಟ್ಟು, ನಡುವಿನ ಕೊಕ್ಕೆಗೆ ಚೀಲವನ್ನೇ ಭಾರಕ್ಕೆ ತೂಗುಹಾಕಿ, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆದರೆ ಕದಲುವ ಭಯವಿರುವುದಿಲ್ಲ. ಲೆನ್ಸಿನಲ್ಲಿ ಕಂಪನ ತಡೆಯುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಡಿ.

ಇನ್ನು ಕಾಳುಕಾಳು. ಬೆಳಕು ಸಾಲದಿದ್ದಾಗಲೇ ಅದು ಎದ್ದು ಕಾಣುವುದು. ನಿಮ್ಮ ಲೆನ್ಸ್ 18 ಮಿ.ಮೀ.ನಲ್ಲಿ ಎಫ್ 3.5ಕ್ಕೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ತೆರೆದಾಗ ಬೆಳಕಿನ ಕಿಂಡಿಯ ಅಗಲ ಸುಮಾರು 5 ಮಿ.ಮೀ., ಅಂದರೆ ಒಂದು ತೊಗರಿಕಾಳಿನಷ್ಟು. 50 ಮಿ.ಮೀ. ಎಫ್ 1.8 ಲೆನ್ಸಿನ ಕಿಂಡಿ ಹತ್ತು ರೂಪಾಯಿಯ ನಾಣ್ಯದಷ್ಟಿದೆ. ಈ ಲೆನ್ಸ್ ದುಬಾರಿಯಲ್ಲ, ಸೆಕೆಂಡ್ ಹ್ಯಾಂಡ್ ಕೂಡ ಸುಲಭವಾಗಿ ಸಿಗುತ್ತದೆ. ಅದರ ನೋಟ ಕಿರಿದು ಮತ್ತು ನಾಲ್ಕು ಸೆಕೆಂಡಿಗಿಂತ ಹೆಚ್ಚು ತೆರೆಯಲಾಗದು ಎಂಬುದು ನಿಜವಾದರೂ, ವೃಶ್ಚಿಕದ ಬಾಲದಿಂದ ಧನುವಿನವರೆಗಿನ ಭಾಗವನ್ನು ಅದು ಬಹಳ ಚೆನ್ನಾಗಿ ಹಿಡಿಯುತ್ತದೆ. ಗುಡ್ಡ, ಗುಮ್ಮಟಗಳೊಡನೆ ಇಡೀ ಆಕಾಶ ಬೇಕೆನಿಸಿದರೆ, ಮುಂದೆ 14 ಮಿ.ಮೀ. ಎಫ್ 2.8ರ ಮ್ಯಾನುಯಲ್ ಫೋಕಸ್ ಲೆನ್ಸನ್ನು ಯೋಚಿಸಬಹುದು.

ಯಾವ ಲೆನ್ಸ್ ಆದರೂ ಫೋಕಸ್ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಲೈವ್ ವ್ಯೂ ತೆರೆದು, ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಉಂಗುರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಊದಿಕೊಂಡ ಚುಕ್ಕೆ ಕುಗ್ಗುತ್ತ ಬಂದು ಸೂಜಿಮೊನೆಯಂತಾಗಿ, ಮತ್ತೆ ಊದತೊಡಗುತ್ತದೆ. ಸೂಜಿಮೊನೆಯ ಹಂತಕ್ಕೆ ಹಿಂತಿರುಗಿಸಿ, ಉಂಗುರಕ್ಕೆ ಟೇಪು ಅಂಟಿಸಿಬಿಡಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆಯ ಅಳತೆ) 1600ರಿಂದ 3200ರೊಳಗಿರಲಿ, ಫೈಲು ರಾ (ಕ್ಯಾಮೆರಾ ತಿದ್ದದೆ ಉಳಿಸುವ) ಮಾದರಿಯಲ್ಲಿರಲಿ.

ಒಂದೇ ದೃಶ್ಯವನ್ನು ಹದಿನಾರು ಸಲ ತೆಗೆದು ಸೀಕ್ವೇಟರ್ ಅಥವಾ ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಜೋಡಿಸಿದರೆ ಕಾಳುಕಾಳು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ರಾತ್ರಿಯೂ ಕಾವು ಆರದೆ ಸೆನ್ಸರ್ ಬಿಸಿಯಾಗಿಯೇ ಇರುವುದರಿಂದ, ಕೊನೆಯಲ್ಲಿ ಲೆನ್ಸಿನ ಮುಚ್ಚಳ ಹಾಕಿ ಅದೇ ಶಟರ್, ಅದೇ ಐಎಸ್‌ಒದಲ್ಲಿ ಹತ್ತಾರು ಕಪ್ಪು ಚಿತ್ರಗಳನ್ನೂ ತೆಗೆಯಿರಿ. ಅವುಗಳ ನೆರವಿನಿಂದ ತಂತ್ರಾಂಶವು ಬಿಸಿ ಪಿಕ್ಸೆಲ್‌ಗಳ ಬಣ್ಣದ ಚುಕ್ಕೆಗಳನ್ನು ಅಳಿಸುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಮಕ್ಕಳಿಗೆ ನಕ್ಷತ್ರಪುಂಜಗಳ ಚಿತ್ರ ತೆಗೆದು ತೋರಿಸಬಹುದೇ?
— ಶಾಲಾ ಶಿಕ್ಷಕಿ, ಚಿಂಚೋಳಿ, ಕಲಬುರಗಿ ಜಿಲ್ಲೆ

ಉತ್ತರ: ಖಂಡಿತ. ಮೊಬೈಲನ್ನು ಟ್ರೈಪಾಡಿಗೆ ಕಚ್ಚಿಸಿ, ಪ್ರೊ ಮೋಡ್‌ನಲ್ಲಿ ಫೋಕಸನ್ನು ಅನಂತಕ್ಕೆ ಇಟ್ಟು, ಹತ್ತು ಸೆಕೆಂಡು ತೆರೆಯಿರಿ. ಡಿಸೆಂಬರ್, ಜನವರಿಯ ರಾತ್ರಿ ಕೃತ್ತಿಕಾ, ರೋಹಿಣಿ, ಆರಿದ್ರಾ ನಕ್ಷತ್ರಗಳು ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ರೋಹಿಣಿ ಮತ್ತು ಆರಿದ್ರಾಗಳ ಕೆಂಪುಛಾಯೆ ಬರಿಗಣ್ಣಿಗಿಂತ ಚಿತ್ರದಲ್ಲಿ ಹೆಚ್ಚು ಸ್ಪಷ್ಟವಾಗಿರುವುದನ್ನು ಮಕ್ಕಳಿಗೆ ತೋರಿಸಲು ಮರೆಯಬೇಡಿ.

ಪ್ರಶ್ನೆ: ನಮ್ಮ ಮಾಳಿಗೆಯಿಂದ ನಕ್ಷತ್ರಗಳು ವೃತ್ತಾಕಾರವಾಗಿ ಸುತ್ತುವ ಚಿತ್ರ ತೆಗೆಯುವುದು ಹೇಗೆ?
— ಓದುಗರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಆ ವೃತ್ತಗಳ ನಡುಬಿಂದು ಧ್ರುವ ನಕ್ಷತ್ರದ ಪಕ್ಕದಲ್ಲೇ ಇದೆ. ನಿಮ್ಮಲ್ಲಿ ಧ್ರುವ ಉತ್ತರ ದಿಗಂತದಿಂದ ಸುಮಾರು 17 ಡಿಗ್ರಿ ಮೇಲಿದೆ: ತೋಳು ಚಾಚಿ ಹಿಡಿದ ಒಂದು ಮುಷ್ಟಿ, ಅದರ ಮೇಲೆ ಮೂರ್ನಾಲ್ಕು ಬೆರಳು. ಅದು ಇಷ್ಟು ತಗ್ಗಿನಲ್ಲಿರುವುದರಿಂದ 18 ಮಿ.ಮೀ. ಲೆನ್ಸನ್ನು ಅಡ್ಡವಾಗಿ ಹಿಡಿದರೂ ಗುಡ್ಡ, ಮನೆ ಮತ್ತು ವೃತ್ತದ ನಡುಬಿಂದು ಮೂರೂ ಚೌಕಟ್ಟಿನೊಳಗೆ ಕೂಡುತ್ತವೆ. 30 ಸೆಕೆಂಡಿನ ಚಿತ್ರಗಳನ್ನು ಎಡೆಬಿಡದೆ ಒಂದು ಗಂಟೆ ತೆಗೆದರೆ 120 ಚಿತ್ರಗಳಾಗಿ, ಪ್ರತಿ ನಕ್ಷತ್ರವೂ 15 ಡಿಗ್ರಿಯ ಕಮಾನು ಬರೆದಿರುತ್ತದೆ. ಮೂರು ಗಂಟೆ ತೆಗೆದರೆ ಚಿತ್ರ ಇನ್ನೂ ತುಂಬಿಕೊಳ್ಳುತ್ತದೆ. ಕ್ಯಾಮೆರಾದ ದೀರ್ಘ ಎಕ್ಸ್‌ಪೋಷರ್ ನಾಯ್ಸ್ ತೆಗೆಯುವ ಆಯ್ಕೆಯನ್ನು ಮಾತ್ರ ಆಫ್ ಮಾಡಿಡಬೇಕು, ಇಲ್ಲವಾದರೆ ಪ್ರತಿ ಚಿತ್ರದ ನಂತರ ಅದು ಅಷ್ಟೇ ಹೊತ್ತು ಸುಮ್ಮನಿದ್ದು, ಕಮಾನು ತುಂಡುತುಂಡಾಗುತ್ತದೆ. ಚಳಿಗಾಲದಲ್ಲಿ ಅರ್ಧ ಗಂಟೆಗೊಮ್ಮೆ ಲೆನ್ಸಿನ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಂಜು ಕೂತಿದ್ದರೆ ಒಣ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಟಾರ್ಚ್ ಬಿದ್ದ ಆ ಒಂದು ಚಿತ್ರವನ್ನು ಜೋಡಿಸುವಾಗ ಕೈಬಿಟ್ಟರಾಯಿತು.