ಕುದಿಯೋ ನೀರಿಗೆ ರಾಗಿಹಿಟ್ಟು ಹಾಕಿದ್ರೆ ಗಂಟಾಗೋದ್ಯಾಕೆ, ತಣ್ಣೀರಲ್ಲಿ ಕದಡಿದ್ರೆ ಯಾಕಾಗಲ್ಲ?

ಹಿಟ್ಟಿನ ಹೊರಗಿನ ಪದರ ಮೊದಲೇ ಬೆಂದು ಅಂಟಾಗ್ಬಿಡತ್ತೆ, ಒಳಗಿನ ಹಿಟ್ಟಿಗೆ ನೀರು ಹೋಗೋಕೆ ದಾರೀನೇ ಇರಲ್ಲ, ಅದಕ್ಕೇ ಗಂಟು. ಬೇಕಿದ್ರೆ ಒಂದು ಗಂಟನ್ನ ಚಮಚದಲ್ಲಿ ಒಡೆದು ನೋಡಿ, ಮೇಲೆಲ್ಲಾ ಲೋಳೆ, ಒಳಗೆ ಒಣ ಹಿಟ್ಟು ಹಾಗೇ ಇರತ್ತೆ.

ರಾಗೀಲಿ ಜಾಸ್ತಿ ಇರೋದು ಪಿಷ್ಟ, ಅಂದ್ರೆ ಸ್ಟಾರ್ಚ್. ತಣ್ಣೀರಲ್ಲಿ ಇದರ ಕಣಗಳು ಕರಗಲ್ಲ, ಅಷ್ಟಾಗಿ ಉಬ್ಬೋದೂ ಇಲ್ಲ, ಸುಮ್ನೆ ತೇಲಾಡ್ತಾ ಇದ್ದು ಸ್ವಲ್ಪ ಹೊತ್ತಿಗೆ ತಳಕ್ಕೆ ಕೂತ್ಕೊಳ್ತವೆ. ಆದ್ರೆ ನೀರು ಸುಮಾರು 65–70 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಅವೇ ಕಣಗಳು ನೀರು ಕುಡಿದು ಊದ್ಕೊಂಡು ಒಂದಕ್ಕೊಂದು ಅಂಟ್ಕೊಂಡ್ಬಿಡ್ತವೆ. ಕುದಿಯೋ ನೀರಲ್ಲಂತೂ ನೀವು ಸೌಟು ಆಡ್ಸೋಕೆ ಮುಂಚೇನೇ ಇದೆಲ್ಲಾ ಮುಗ್ದಿರತ್ತೆ.

ಅದಕ್ಕೇ ಅಂಬಲಿಗೆ ಮೊದಲು ತಣ್ಣೀರಲ್ಲಿ ಹಿಟ್ಟು ಕದಡಿ ಆಮೇಲೆ ಎಸರಿಗೆ ಹುಯ್ಯೋದು, ಪ್ರತಿ ಕಣದ ಸುತ್ತ ಆಗ್ಲೇ ನೀರಿರೋದ್ರಿಂದ ಎಲ್ಲಾ ಸಮವಾಗಿ ಬೇಯತ್ತೆ (ತಿರುವ್ತಾನೇ ಇರ್ಬೇಕು, ಇಲ್ಲಾಂದ್ರೆ ತಳ ಹಿಡಿಯತ್ತೆ). ಗೋಬಿ ಮಂಚೂರಿಗೆ ಕಾರ್ನ್‌ಫ್ಲೋರ್ ಕದಡಿ ಹಾಕೋದೂ ಇದೇ ಲೆಕ್ಕ.

ಹಾಗಾದ್ರೆ ಮುದ್ದೆಗೆ ಒಣಹಿಟ್ಟನ್ನೇ ಗುಡ್ಡೆ ಹಾಕ್ತಾರಲ್ಲ ಅಂತ ಕೇಳ್ಬಹುದು. ಅಲ್ಲೂ ಗಂಟು ಆಗೇ ಆಗತ್ತೆ, ಆದ್ರೆ ಹಿಟ್ಟು ಗಟ್ಟಿ ಇರೋದ್ರಿಂದ ಕೋಲಲ್ಲಿ ಒತ್ತಿ ತಿರುವಿದಾಗ ನುಜ್ಜಾಗಿ ಹೋಗತ್ತೆ. ತೆಳ್ಳಗಿನ ಅಂಬಲೀಲಿ ಆ ಒತ್ತಡ ಬೀಳಲ್ಲ, ಗಂಟು ಸೌಟಿಗೆ ಸಿಗದೆ ಪಕ್ಕಕ್ಕೆ ಜಾರ್ಕೊಂಡ್ ಹೋಗತ್ತೆ.